14 ತಿಂಗಳ ಕಾರು, ಸರ್ಟಿಫಿಕೇಷನ್ ಇಲ್ಲ: ತಗೊಳ್ಳಬಹುದಾ?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಒಂದು ಕಾರು ನೋಡಿಟ್ಟಿದ್ದೇನೆ. ರಿಜಿಸ್ಟರ್ ಆಗಿ 14 ತಿಂಗಳು, ಮೀಟರಿನಲ್ಲಿ 11,400 ಕಿ.ಮೀ. ಟರ್ಬೊ ಪೆಟ್ರೋಲ್, ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ) ಆಟೊಮ್ಯಾಟಿಕ್. ಅಪಾಯ ಕಂಡರೆ ತಾನೇ ಬ್ರೇಕ್ ಹಾಕಲು ಮುಂದೆ ಕ್ಯಾಮೆರಾ, ರೇಡಾರ್ ಇರುವ ಮೇಲಿನ ವೇರಿಯಂಟ್. ಮಾರುತ್ತಿರುವುದು ಬೇರೆ ಬ್ರ್ಯಾಂಡಿನ ಡೀಲರ್, ಎಕ್ಸ್‌ಚೇಂಜಿಗೆ ಬಂದ ಗಾಡಿ ಅನ್ನುತ್ತಾರೆ. ಇದೇ ಮಾಡೆಲ್, ಇದೇ ವರ್ಷದ್ದು ಕಂಪನಿಯ ಸ್ವಂತ ಯೂಸ್ಡ್ ಕಾರ್ ವಿಭಾಗದಲ್ಲಿ ಸರ್ಟಿಫೈಡ್ ಆಗಿ ಸಿಗುತ್ತಿದೆ, ಬೆಲೆ ಶೇ. 9 ಜಾಸ್ತಿ. ಕಂಪನಿ ವಾರಂಟಿ 3 ವರ್ಷ.

"ಇಷ್ಟು ಹೊಸ ಗಾಡಿಗೆ ಸರ್ಟಿಫಿಕೇಟ್ ಯಾಕೆ ಸರ್, ವಾರಂಟಿ ಇನ್ನೂ ಇದೆಯಲ್ಲ" ಅನ್ನುವುದು ಡೀಲರ್ ಮಾತು. ಸರಿ ಅನಿಸುತ್ತೆ. ಆದರೆ 14 ತಿಂಗಳಿಗೇ ಯಾಕೆ ಮಾರಿದರು ಅನ್ನೋದು ತಲೆ ಕೊರೆಯುತ್ತಿದೆ. ಆ ಶೇ. 9 ಕೊಡುವುದು ದಂಡವಾ, ಕೊಡದೇ ಇರುವುದು ತಪ್ಪಾ? ಸರ್ಟಿಫೈಡ್ ಅಲ್ಲದ್ದನ್ನೇ ತಗೊಂಡರೆ ಏನೇನು, ಯಾವ ಕ್ರಮದಲ್ಲಿ ಚೆಕ್ ಮಾಡಿಸಬೇಕು? ಹೊರಗಿನಿಂದ ನೋಡಿದರೆ ಗಾಡಿ ಮೇಲೆ ಒಂದು ಗೆರೆಯೂ ಇಲ್ಲ.

ವಾರಂಟಿ_ಪುಟ

ಸರ್ಟಿಫಿಕೇಷನ್ ಅಂದರೆ ಮೂರು ಕೆಲಸ ಒಂದೇ ಬಿಲ್ಲಿನಲ್ಲಿ: ಪಟ್ಟಿ ಹಿಡಿದು ಮಾಡುವ ತಪಾಸಣೆ, ಅದರಲ್ಲಿ ಸಿಕ್ಕ ದೋಷಗಳ ರಿಪೇರಿ, ಮೇಲೊಂದಿಷ್ಟು ಹೆಚ್ಚುವರಿ ವಾರಂಟಿ. ಐದು ವರ್ಷದ ಗಾಡಿಯಲ್ಲಿ ಮೂರಕ್ಕೂ ಬೆಲೆ ಇದೆ. 14 ತಿಂಗಳ ಗಾಡಿಯಲ್ಲಿ ರಿಪೇರಿ ಮಾಡುವಂಥದ್ದೇ ಹೆಚ್ಚೇನೂ ಇರಲ್ಲ. ತಪಾಸಣೆಯನ್ನು ನೀವೇ ಹೊರಗೆ ದುಡ್ಡು ಕೊಟ್ಟು ಮಾಡಿಸಬಹುದು. ಉಳಿಯೋದು ವಾರಂಟಿ.

ಹಾಗಾಗಿ ಸರ್ಟಿಫೈಡ್ ಗಾಡಿ ಮಾರುವವರ ಹತ್ತಿರ ಒಂದೇ ಪ್ರಶ್ನೆ ಕೇಳಿ, ಉತ್ತರ ಬರವಣಿಗೆಯಲ್ಲಿ ತಗೊಳ್ಳಿ: ಈ ಹೆಚ್ಚುವರಿ ವಾರಂಟಿ ಯಾವ ದಿನದಿಂದ ಶುರು? ನಿಮಗೆ ಮಾರಿದ ದಿನದಿಂದ ಒಂದು ವರ್ಷ ಅಂದರೆ, ನಿಮಗೆ ಹೇಗೂ ಉಳಿದಿರುವ 22 ತಿಂಗಳ ಕಂಪನಿ ವಾರಂಟಿಯ ಒಳಗೇ ಅದು ಮುಗಿದು ಹೋಗುತ್ತೆ. ಕೈಗೆ ಬಂದದ್ದು ಸೊನ್ನೆ. ಕಂಪನಿ ವಾರಂಟಿ ಮುಗಿದ ಮೇಲೆ ಶುರುವಾಗುತ್ತೆ ಅಂದರೆ ಮಾತ್ರ ನಿಜವಾದ ಲಾಭ. ಅದು ಏನೇನಕ್ಕೆ ಅನ್ವಯಿಸುತ್ತೆ ಅನ್ನೋದನ್ನೂ ಓದಿ. ಕೆಲವದರಲ್ಲಿ ಎಂಜಿನ್, ಗೇರ್‌ಬಾಕ್ಸ್ ಮಾತ್ರ ಇರುತ್ತೆ. ಸ್ಕ್ರೀನು, ಸೆನ್ಸರು, ಎಸಿ ಕಂಪ್ರೆಸರ್ ಇರಲ್ಲ. ಈಗಿನ ಕಾರುಗಳಲ್ಲಿ ದುಬಾರಿ ಬಿಲ್ಲು ಬರೋದು ಇವುಗಳಿಂದಲೂ.

ಇನ್ನೊಂದು ಕಡೆ ವಿಚಾರಿಸಿ: ಕಂಪನಿ ವಾರಂಟಿ ಜೀವಂತ ಇರುವಾಗ ಎಕ್ಸ್‌ಟೆಂಡೆಡ್ ವಾರಂಟಿ ಖರೀದಿಸಲು ಹಲವು ಕಂಪನಿಗಳು ಅವಕಾಶ ಕೊಡುತ್ತವೆ, ಎರಡನೇ ಮಾಲೀಕರಿಗೂ. ಅದರ ಬೆಲೆ + ಸ್ವತಂತ್ರ ತಪಾಸಣೆಯ ಖರ್ಚು, ಎರಡೂ ಸೇರಿ ಆ ಶೇ. 9ರ ಅರ್ಧಕ್ಕಿಂತ ಕಡಿಮೆ ಆದರೆ ಸರ್ಟಿಫೈಡ್ ಗಾಡಿಗೆ ಕಾರಣ ಉಳಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ಸಾಲ ತಗೊಳ್ಳುವುದಾದರೆ ಸರ್ಟಿಫೈಡ್ ಗಾಡಿಗೆ ಬಡ್ಡಿ ದರ ಬೇರೆ ಇದೆಯಾ ಅಂತಲೂ ಕೇಳಿ. ಕೆಲವು ಕಡೆ ಇರುತ್ತೆ, ಆಗ ಲೆಕ್ಕ ತಿರುಗಬಹುದು.

ಆದರೆ "ವಾರಂಟಿ ಇದೆ" ಅನ್ನುವ ಡೀಲರ್ ಮಾತನ್ನು ಹಾಗೇ ನಂಬಬೇಡಿ. ಚಾಸಿ ನಂಬರ್ ತಗೊಂಡು ಆ ಬ್ರ್ಯಾಂಡಿನ ಸರ್ವಿಸ್ ಸೆಂಟರಿಗೆ ಹೋಗಿ. ನಂಬರ್ 17 ಅಕ್ಷರದ್ದು, ಅದರಲ್ಲಿ ಐ, ಓ, ಕ್ಯೂ ಬರುವುದೇ ಇಲ್ಲ. ಫೋನಿನಲ್ಲಿ ಓದಿ ಹೇಳಿದ್ದನ್ನು ಬರೆದುಕೊಂಡರೆ ಅಲ್ಲೇ ತಪ್ಪಾಗೋದು, ಗಾಡಿಯ ಮೇಲಿರುವುದನ್ನೇ ಫೋಟೊ ಹೊಡೆಯಿರಿ. ಅಲ್ಲಿ ಕೇಳಬೇಕಾದದ್ದು: ವಾರಂಟಿ ಶುರುವಾದ ದಿನ ಯಾವುದು (ಅದು ಮೊದಲ ಡೆಲಿವರಿಯಿಂದ ಎಣಿಕೆ, ನೀವು ತಗೊಂಡ ದಿನದಿಂದ ಅಲ್ಲ), ಎರಡನೇ ಮಾಲೀಕರಿಗೆ ಪೂರ್ತಿ ವರ್ಗ ಆಗುತ್ತಾ, ಇಂತಿಷ್ಟು ದಿನದೊಳಗೆ ತಿಳಿಸಬೇಕು ಅನ್ನೋ ಷರತ್ತು ಇದೆಯಾ, ಸರ್ವಿಸ್ ತಪ್ಪಿಸಿದ್ದಕ್ಕೋ ಟ್ಯಾಕ್ಸಿಗೆ ಬಳಸಿದ್ದಕ್ಕೋ ಇನ್ಶೂರೆನ್ಸ್‌ನವರು ಟೋಟಲ್ ಲಾಸ್ (ರಿಪೇರಿ ಮಾಡಿಸಿ ಪ್ರಯೋಜನವಿಲ್ಲ) ಅಂದಿದ್ದಕ್ಕೋ ವಾರಂಟಿ ರದ್ದಾಗಿದೆಯಾ, ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಗಾಡಿ ವಾಪಸ್ ಕರೆಯುವುದು) ಬಾಕಿ ಇದೆಯಾ. ಸರ್ವಿಸ್ ಹಿಸ್ಟರಿ ಪ್ರಿಂಟ್ ಸಿಗುತ್ತಾ ನೋಡಿ. ಮಾಹಿತಿ ಮಾಲೀಕರಿಗೆ ಮಾತ್ರ ಅಂದರೆ ಡೀಲರ್ ಕೈಯಲ್ಲೇ ತರಿಸಿ.

ಇನ್ನು "ಸರ್ಟಿಫಿಕೇಷನ್ ಯಾಕೆ ಇಲ್ಲ?" ಅನ್ನೋದು. ಬೇರೆ ಬ್ರ್ಯಾಂಡಿನ ಡೀಲರಿಗೆ ಈ ಕಂಪನಿಯ ಸರ್ಟಿಫಿಕೇಟ್ ಕೊಡಲು ಆಗುವುದೇ ಇಲ್ಲ. ಹಾಗಾಗಿ ನಿಮ್ಮ ವಿಷಯದಲ್ಲಿ ಅದು ಅನುಮಾನದ ಸಂಗತಿಯಲ್ಲ. ಅದೇ ಬ್ರ್ಯಾಂಡಿನ ಡೀಲರ್ ತನ್ನದೇ ಕಂಪನಿಯ 14 ತಿಂಗಳ ಗಾಡಿಯನ್ನು ಸರ್ಟಿಫೈ ಮಾಡದೆ ಮಾರುತ್ತಿದ್ದರೆ ಮಾತ್ರ ನಾನು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದೆ. ಸರ್ಟಿಫೈ ಮಾಡಿದರೆ ಜಾಸ್ತಿ ಬೆಲೆ ಬರುವಾಗ ಮಾಡಿಲ್ಲ ಅಂದರೆ, ಗಾಡಿ ತಪಾಸಣೆಯಲ್ಲಿ ಫೇಲಾಗಿರಬಹುದು, ಇಲ್ಲವೇ ಅಪಘಾತದ ದಾಖಲೆ ಇರಬಹುದು.

ಟಿಂಕರ್_ಶೆಡ್

ಮೇಲಿನವರು ಕಾಗದ ಹೇಳಿದರು, ನಾನು ಬಾಡಿ ಹೇಳುತ್ತೇನೆ. 14 ತಿಂಗಳ ಗಾಡಿಯಲ್ಲಿ ಎಂಜಿನ್ ಸವೆದಿರಲ್ಲ. ಸಮಸ್ಯೆ ಇದ್ದರೆ ಬಹುತೇಕ ಎರಡೇ: ಗುದ್ದಿಸಿಕೊಂಡಿದೆ, ಇಲ್ಲವೇ ನೀರಿನಲ್ಲಿ ನಿಂತಿದೆ. ಒಂದು ಗೆರೆಯೂ ಇಲ್ಲ ಅಂದಿರಲ್ಲ, 11,000 ಓಡಿದ ಗಾಡಿಯ ಮುಂದಿನ ಬಂಪರಿನಲ್ಲಿ, ಬಾನೆಟ್ ಅಂಚಿನಲ್ಲಿ ಸಣ್ಣ ಕಲ್ಲೇಟಿನ ಚುಕ್ಕೆ ಇರುವುದೇ ಸಹಜ. ಬಾನೆಟ್‌ನಲ್ಲಿ ಚುಕ್ಕೆ ಇದೆ, ಬಂಪರಿನಲ್ಲಿ ಒಂದೂ ಇಲ್ಲ ಅಂದರೆ ಬಂಪರಿಗೆ ಬಣ್ಣ ಹೊಡೆದಿದ್ದಾರೆ ಅಂತ ಲೆಕ್ಕ.

ಪೇಂಟ್ ದಪ್ಪ ಅಳೆಯುವ ಮೀಟರ್ ತರಿಸಿ ಅಥವಾ ಅದು ಇರುವವರನ್ನು ಕರೆದುಕೊಂಡು ಹೋಗಿ. ಮೊದಲು ರೂಫ್ ಅಳೆಯಿರಿ, ಯಾಕಂದರೆ ರೂಫಿಗೆ ಮರುಬಣ್ಣ ಬೀಳೋದು ಅಪರೂಪ. ಅದೇ ನಿಮ್ಮ ಅಳತೆಗೋಲು. ಕಾರ್ಖಾನೆ ಪೇಂಟ್ ಸಾಮಾನ್ಯವಾಗಿ 80ರಿಂದ 160 ಮೈಕ್ರಾನ್ ಒಳಗೆ ಇರುತ್ತೆ, ಒಂದೇ ಗಾಡಿಯಲ್ಲಿ ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಹೆಚ್ಚು ವ್ಯತ್ಯಾಸ ಬರಲ್ಲ. ಆಮೇಲೆ ಪ್ರತಿ ಪ್ಯಾನೆಲ್‌ನಲ್ಲಿ ಐದು ಜಾಗ: ನಾಲ್ಕು ಮೂಲೆ, ಒಂದು ಮಧ್ಯ. 200ರಿಂದ 300 ಬಂದರೆ ಹಳೇ ಪೇಂಟಿನ ಮೇಲೆ ಇನ್ನೊಂದು ಸಲ ಹೊಡೆದಿದ್ದಾರೆ. 500 ದಾಟಿತು ಅಂದರೆ ಕೆಳಗೆ ಪುಟ್ಟಿ ಇದೆ. ಮೀಟರ್ ಪ್ಲಾಸ್ಟಿಕ್ ಬಂಪರಿನ ಮೇಲೆ ಕೆಲಸ ಮಾಡಲ್ಲ. ಬಾನೆಟ್ ಅಲ್ಯುಮಿನಿಯಂ ಆಗಿದ್ದರೆ ಉಕ್ಕು, ಅಲ್ಯುಮಿನಿಯಂ ಎರಡನ್ನೂ ಓದುವ ಮೀಟರೇ ಬೇಕು, ಇಲ್ಲದಿದ್ದರೆ ರೀಡಿಂಗೇ ಬರದೆ ಗಾಬರಿಯಾಗುತ್ತೀರಿ.

ಮೀಟರಿಗೆ ಸಿಗದ ಒಂದು ಸಂಗತಿ ಇದೆ. ಪ್ಯಾನೆಲ್ಲನ್ನೇ ಬದಲಾಯಿಸಿ ಹೊಸದಕ್ಕೆ ಚೆನ್ನಾಗಿ ಬಣ್ಣ ಹೊಡೆದರೆ ದಪ್ಪ 120ರ ಆಸುಪಾಸಿಗೇ ಬಂದು ಕೂರಬಹುದು. ಅದಕ್ಕೆ ಬೋಲ್ಟ್ ನೋಡಬೇಕು. ಬಾನೆಟ್ ಹಿಂಜ್, ಫೆಂಡರ್ ಮೇಲಂಚು, ಬಾಗಿಲ ಹಿಂಜ್, ಡಿಕ್ಕಿ ಹಿಂಜ್. ಕಾರ್ಖಾನೆಯಲ್ಲಿ ಬೋಲ್ಟ್ ಬಿಗಿದ ಮೇಲೆ ಬಾಡಿಗೆ ಬಣ್ಣ ಬೀಳುವುದರಿಂದ ಬೋಲ್ಟ್ ತಲೆ, ಅದರ ಸುತ್ತಲ ತಗಡು ಎರಡರ ಮೇಲೂ ಒಂದೇ ಪದರ ಮುರಿಯದೆ ಹರಿದಿರುತ್ತೆ. ಸ್ಪ್ಯಾನರ್ ಹಾಕಿದರೆ ತಲೆಯ ಮೂಲೆಯಲ್ಲಿ ಬಣ್ಣ ಎದ್ದಿರುತ್ತೆ, ವಾಷರ್ ಸುತ್ತ ಕೂದಲೆಳೆ ಬಿರುಕು ಇರುತ್ತೆ. ಒಂದು ಬೋಲ್ಟ್ ಹಾಗಿದ್ದರೆ ಅಡ್ಜಸ್ಟ್‌ಮೆಂಟ್ ಇರಬಹುದು. ಫೆಂಡರಿನ ಎಲ್ಲ ಬೋಲ್ಟೂ ಹಾಗಿದ್ದರೆ ಫೆಂಡರ್ ಹೊರಗೆ ಬಂದಿದೆ.

ಫೆಂಡರ್, ಬಂಪರ್, ಬಾಗಿಲು ಬದಲಾಗಿದ್ದರೆ ನಾನು ಗಾಡಿ ಬಿಡಿ ಅನ್ನಲ್ಲ. ಅವು ಬೋಲ್ಟಿನ ಭಾಗಗಳು, ಬೆಲೆ ಇಳಿಸಿ ತಗೊಳ್ಳಬಹುದು. ವೆಲ್ಡ್ ಆಗಿರುವ ಭಾಗಕ್ಕೆ ಕೈ ಹಾಕಿದ್ದರೆ ಬೇಡ: ಚಾಸಿ ರೈಲ್ (ಗಾಡಿಯ ಉದ್ದಕ್ಕೂ ಇರುವ ಅಡಿಯ ತೊಲೆ), ಪಿಲ್ಲರ್ (ರೂಫ್ ಹೊತ್ತ ಕಂಬ), ರೂಫ್, ಡಿಕ್ಕಿ ನೆಲ, ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಹಿಂಬಾಗಿಲಿನಾಚೆ, ಹಿಂಚಕ್ರದ ಸುತ್ತಲಿನ ತಗಡು). ಬಾಗಿಲ ರಬ್ಬರ್ ಬೀಡಿಂಗನ್ನು ಸ್ವಲ್ಪ ಎಳೆದು ನೋಡಿ, ಒಳಗೆ ಗುಂಡಗೆ ಸಣ್ಣ ತಗ್ಗುಗಳು ಸಮ ಅಂತರದಲ್ಲಿ ಸಾಲಾಗಿ ಕಾಣಬೇಕು, ಅದು ಸ್ಪಾಟ್ ವೆಲ್ಡ್. ಎಡಕ್ಕೆ ಇದ್ದು ಬಲಕ್ಕೆ ಇಲ್ಲ, ಅಥವಾ ಗ್ರೈಂಡ್ ಮಾಡಿ ನಯ ಮಾಡಿದ್ದಾರೆ ಅಂದರೆ ಆ ತುಂಡು ಕತ್ತರಿಸಿ ಹಾಕಿದ್ದು. ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ. ಹಿಂದಿನಿಂದ ಗುದ್ದಿದ ಗಾಡಿಯ ಸುಕ್ಕು ಅಲ್ಲಿ ಉಳಿದಿರುತ್ತೆ. ಸೀಮ್ ಸೀಲರ್ (ತಗಡಿನ ಜೋಡಣೆಗೆ ಹಚ್ಚುವ ಅಂಟು) ಎರಡೂ ಪಕ್ಕ ಒಂದೇ ಥರ ಇದೆಯಾ ಅಂತಲೂ ಹೋಲಿಸಿ.

ಲಿಫ್ಟ್ ಮೇಲೆ ಏರಿಸಿದಾಗ ಸಿಲ್ (ಬಾಗಿಲುಗಳ ಕೆಳಗಿನ ಉದ್ದನೆಯ ಪಟ್ಟಿ) ಕೆಳಗೆ ತಗಡಿನ ಅಂಚು ಇರುತ್ತಲ್ಲ, ಅಲ್ಲಿ ಹಲ್ಲು ಕಚ್ಚಿದಂಥ ಗುರುತು ಹುಡುಕಿ. ಜಾಕ್ ಇಟ್ಟ ಜಾಗದಲ್ಲಿ ಅಂಚು ಮಡಿಚಿರೋದು ಮಾಮೂಲು. ಆದರೆ ನಾಲ್ಕು ಕಡೆಯೂ ಎರಡು ಪಕ್ಕದಿಂದ ಕಚ್ಚಿದ ಹಲ್ಲಿನ ಸಾಲು ಇದ್ದರೆ, ಗಾಡಿಯನ್ನು ಫ್ರೇಮ್ ಎಳೆಯುವ (ಬಾಗಿದ ಬಾಡಿ ಎಳೆದು ನೇರ ಮಾಡುವ) ಬೆಂಚಿಗೆ ಬಿಗಿದಿದ್ದರು. ಹೊಸದಾಗಿ ದಪ್ಪ ಅಂಡರ್‌ಕೋಟಿಂಗ್ (ಗಾಡಿಯ ಅಡಿಗೆ ತುಕ್ಕು ತಡೆಯುವ ಲೇಪ) ಹೊಡೆದಿದ್ದರೆ ಇದೆಲ್ಲ ಮುಚ್ಚಿಹೋಗಿರುತ್ತೆ. ಒಂದು ವರ್ಷದ ಗಾಡಿಗೆ ಮಾರುವ ಮುಂಚೆ ಅದನ್ನು ಯಾಕೆ ಹೊಡೆಸಿದರು ಅಂತ ಬಿಲ್ ಕೇಳಿ.

ನೀರಿಗೆ: ಸೀಟ್ ಬೆಲ್ಟನ್ನು ಪೂರ್ತಿ ಕೊನೆವರೆಗೆ ಎಳೆಯಿರಿ. ಒಳಗೆ ಸುತ್ತಿಕೊಂಡಿರುವ ಆ ಕೊನೆಯ ಒಂದು ಅಡಿಯನ್ನು ಸಾಮಾನ್ಯವಾಗಿ ಯಾರೂ ತೊಳೆಯಲ್ಲ, ಕೆಸರಿನ ಗೆರೆ ಅಲ್ಲೇ ಉಳಿಯುತ್ತೆ. ಸೀಟ್ ರೈಲಿನ ಬೋಲ್ಟು, ಸೀಟಿನಡಿಯ ಸ್ಪ್ರಿಂಗಿಗೆ ತುಕ್ಕು, ಸೀಟಿನ ಕೆಳಗಿನ ಕನೆಕ್ಟರ್ ಪಿನ್ ಹಸಿರಾಗಿರೋದು, ಇವೂ ಹಾಗೇ. ಕಾರ್ಪೆಟ್ ಮೇಲೆ ಕೈ ಆಡಿಸಿದರೆ ಸಾಲದು, ಅಂಚು ಎತ್ತಿ ಕೆಳಗಿನ ಫೋಮ್ ಒತ್ತಿ. ಮೇಲೆ ಒಣಗಿದ್ದರೂ ಫೋಮ್ ವಾರಗಟ್ಟಲೆ ತೇವ ಹಿಡಿದಿಡುತ್ತೆ. ನೀರು ಕುಡಿದ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ವೈರಿಂಗಿನ ಒಳಗೆ ತುಕ್ಕು ನಿಧಾನಕ್ಕೆ ಹರಡುತ್ತೆ, ತೊಂದರೆ ತಿಂಗಳುಗಳ ನಂತರ ಒಂದೊಂದಾಗಿ ಶುರುವಾಗುತ್ತೆ, ಆಗ ವಾರಂಟಿಯವರೂ ಕೈ ಎತ್ತುತ್ತಾರೆ.

ಗಾಜು, ಲೈಟ್, ಟಯರುಗಳ ತಾರೀಖನ್ನೂ ನೋಡಿಕೊಳ್ಳಿ. ಟಯರ್ ಪಕ್ಕದ ನಾಲ್ಕು ಅಂಕಿ ವಾರ ಮತ್ತು ವರ್ಷ: 1424 ಅಂದರೆ 2024ರ 14ನೇ ವಾರ. ನಾಲ್ಕೂ ಗಾಡಿ ತಯಾರಾದ ತಿಂಗಳಿಗಿಂತ ಸ್ವಲ್ಪ ಮುಂಚಿನದ್ದಾಗಿರಬೇಕು. 11,000 ಕಿ.ಮೀ.ಗೆ ಟಯರ್ ಬದಲಾಗಿದ್ದರೆ ಕಿ.ಮೀ. ಮೀಟರನ್ನೇ ಅನುಮಾನಿಸಿ.

ಸ್ಕ್ಯಾನ್_ಮಾಡಿ_ನೋಡಿ

ಬಾಡಿ ಬಗ್ಗೆ ಹೇಳಲು ಏನೂ ಉಳಿದಿಲ್ಲ. ಸ್ಕ್ಯಾನರ್ ವಿಷಯ ಸೇರಿಸುತ್ತೇನೆ.

ಎಂಜಿನ್ ಕೋಡ್ (ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಸಂಖ್ಯೆ) ಮಾತ್ರ ಓದುವ, ಗಾಡಿಯ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಒಬಿಡಿ ಡಾಂಗಲ್ ಇದಕ್ಕೆ ಸಾಲದು. ಏರ್‌ಬ್ಯಾಗ್, ಎಬಿಎಸ್, ಗೇರ್‌ಬಾಕ್ಸ್, ಬಾಡಿ ಕಂಟ್ರೋಲ್ ಎಲ್ಲವನ್ನೂ ಓದುವ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಬೇಕು. "ಕೋಡ್ ಇಲ್ಲ" ಅಂತ ಬಂದರೆ ಸಮಾಧಾನ ಪಡಬೇಡಿ, ಹತ್ತು ನಿಮಿಷ ಮುಂಚೆ ಅಳಿಸಿರಬಹುದು. ರೆಡಿನೆಸ್ ಮಾನಿಟರ್ (ಗಾಡಿ ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯಾ ಅನ್ನುವ ಪಟ್ಟಿ) ನೋಡಿ. ಕೋಡ್ ಅಳಿಸಿದಾಗ ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್, ಇವ್ಯಾಪ್ (ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ) ಮುಂತಾದ ಸ್ವಯಂ ಪರೀಕ್ಷೆಗಳೆಲ್ಲ "ಪೂರ್ಣವಾಗಿಲ್ಲ" ಸ್ಥಿತಿಗೆ ಹೋಗುತ್ತವೆ. ಮತ್ತೆ ಪೂರ್ಣವಾಗಲು ಕೋಲ್ಡ್ ಸ್ಟಾರ್ಟ್, ಹೈವೇ, ಸಿಟಿ ಎಲ್ಲ ಸೇರಿ ಸಾಕಷ್ಟು ಓಡಬೇಕು. ಇದರ ಜೊತೆ "ಕೋಡ್ ಅಳಿಸಿದ ಮೇಲೆ ಓಡಿದ ದೂರ" ಅನ್ನುವ ಲೆಕ್ಕವೂ ಹಲವು ಗಾಡಿಗಳಲ್ಲಿ ಸಿಗುತ್ತೆ. ಅಲ್ಲಿ 6 ಕಿ.ಮೀ. ಅಂತ ಇದ್ದರೆ ಪ್ರಶ್ನೆ ಕೇಳಿ. ಬ್ಯಾಟರಿ ತೆಗೆದು ಹಾಕಿದ್ದರೂ ಹೀಗೆ ಆಗಬಹುದು, ಆದ್ದರಿಂದ ಅದೊಂದೇ ಕಾರಣಕ್ಕೆ ಮೋಸ ಅನ್ನಬೇಡಿ. ನೂರಿನ್ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಸ್ಕ್ಯಾನ್ ಮಾಡೋಣ ಅನ್ನಿ.

ಏರ್‌ಬ್ಯಾಗ್ ದೀಪ ಇಗ್ನಿಷನ್ ಆನ್ ಮಾಡಿದಾಗ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತುವುದೇ ಇಲ್ಲ ಅಂದರೆ ದೀಪವನ್ನೇ ಕೊಂದಿರಬಹುದು. ಬ್ಯಾಗ್ ಬಿಚ್ಚಿಕೊಂಡ ಗಾಡಿಗೆ ಹೊಸ ಬ್ಯಾಗ್ ಬದಲು ರೆಸಿಸ್ಟರ್ (ಬ್ಯಾಗ್ ಇದೆ ಅಂತ ಕಂಪ್ಯೂಟರನ್ನು ನಂಬಿಸುವ ಸಣ್ಣ ಬಿಡಿಭಾಗ) ಹಾಕಿ ದೀಪ ಆರಿಸುವವರೂ ಇದ್ದಾರೆ, ಅದು ಸ್ಕ್ಯಾನರಿಗೆ ಸಿಗದೇ ಹೋಗಬಹುದು. ಅದಕ್ಕೆ ಸ್ಟಿಯರಿಂಗ್ ಮಧ್ಯದ ಮುಚ್ಚಳ, ಡ್ಯಾಶ್‌ಬೋರ್ಡಿನ ಎಡ-ಬಲ ಬಣ್ಣ, ಮೇಲ್ಮೈ ಒಂದೇ ಇದೆಯಾ, ಪಿಲ್ಲರ್ ಕವರ್ ಕ್ಲಿಪ್ ಮುರಿದಿದೆಯಾ ನೋಡಿ. ಮುಂದಿನ ಎರಡು ಸೀಟ್ ಬೆಲ್ಟುಗಳ ಲೇಬಲ್ ತಾರೀಖು ಗಾಡಿಯ ತಾರೀಖಿಗೆ ಹೊಂದಬೇಕು. ದೊಡ್ಡ ಅಪಘಾತದಲ್ಲಿ ಪ್ರಿಟೆನ್ಷನರ್ (ಬೆಲ್ಟನ್ನು ತಟ್ಟನೆ ಬಿಗಿಯುವ ಸಾಧನ) ಸಿಡಿಯುತ್ತೆ, ಆಗ ಬೆಲ್ಟ್ ಬದಲಾಯಿಸಲೇಬೇಕು.

ಓಡಿದ ಕಿ.ಮೀ. ಹಲವು ಗಾಡಿಗಳಲ್ಲಿ ಗೇರ್‌ಬಾಕ್ಸ್, ಎಬಿಎಸ್ ಮಾಡ್ಯೂಲುಗಳಲ್ಲೂ ದಾಖಲಾಗಿರುತ್ತೆ. ಮೀಟರಿನ ಜೊತೆ ಹೋಲಿಸಿ.

ನಿಮ್ಮದು ಕ್ಯಾಮೆರಾ, ರೇಡಾರ್ ಇರುವ ಗಾಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಕ್ಯಾಮೆರಾ ಇರುವುದು ಮುಂದಿನ ಗಾಜಿಗೆ ಅಂಟಿಕೊಂಡು, ರೇಡಾರ್ ಇರುವುದು ಗ್ರಿಲ್ ಅಥವಾ ಬಂಪರ್ ಹಿಂದೆ. ಗಾಜು ಬದಲಾದರೆ, ಬಂಪರ್ ಬಿಚ್ಚಿದರೆ ಕ್ಯಾಲಿಬ್ರೇಷನ್ (ನೋಟದ ದಿಕ್ಕನ್ನು ಮತ್ತೆ ಸರಿಹೊಂದಿಸುವುದು) ಬೇಕಾಗುತ್ತೆ. ಒಂದು ಡಿಗ್ರಿ ಓರೆಯಾದರೂ 100 ಮೀಟರ್ ದೂರದಲ್ಲಿ ಸುಮಾರು 1.7 ಮೀಟರ್ ಪಕ್ಕಕ್ಕೆ ನೋಡುತ್ತಿರುತ್ತೆ, ಅಂದರೆ ಪಕ್ಕದ ಲೇನಿನ ಗಾಡಿಗೆ ಬ್ರೇಕ್ ಹಾಕುವ ಅಪಾಯ. ದೀಪ ಹತ್ತಿಲ್ಲ ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ. ಕ್ಯಾಲಿಬ್ರೇಷನ್ ರಿಪೋರ್ಟ್ ಕೇಳಿ.

ಡ್ಯುಯಲ್ ಕ್ಲಚ್‌ಗೆ: ಗಾಡಿ ತಣ್ಣಗಿರುವಾಗಲೇ ಹೋಗಿ, ಬಾನೆಟ್ ಮುಟ್ಟಿ ನೋಡಿ. ಕೋಲ್ಡ್ ಸ್ಟಾರ್ಟ್ ಆದ ಮೇಲೆ ಟ್ರಾಫಿಕ್ಕಿನಂತೆ ನಿಧಾನಕ್ಕೆ ತೆವಳಿಸಿ, ಸಣ್ಣ ಏರಿನಲ್ಲಿ ನಿಲ್ಲಿಸಿ ಎತ್ತಿ, ರಿವರ್ಸ್‌ನಲ್ಲೂ ಅದೇ ಏರು. ಒಂದು-ಎರಡನೇ ಗೇರಿನ ನಡುವೆ ನಡುಕ ಬಂದರೆ ಕ್ಲಚ್ ಕಡೆ ಗಮನ ಕೊಡಿ. ಕನಿಷ್ಠ ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಇದೇ ಮತ್ತೊಂದು ಸಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಎರಡೂ ಕಡೆ ಸುತ್ತು ಹಾಕಿ, ಟಕ್ ಟಕ್ ಸದ್ದು ಬರಬಾರದು.

ದಾರಿಹೋಕ

ತುಂಬಾ ಧನ್ಯವಾದ. ಮೀಟರ್ ಹಿಡಿಸಿ ನೋಡಿದ್ದಾಯ್ತು. ರೂಫ್ 108ರಿಂದ 115. ಉಳಿದೆಲ್ಲ 105ರಿಂದ 128. ಬಲ ಹಿಂಬಾಗಿಲು ಮಾತ್ರ 235ರಿಂದ 250, ಐದೂ ಜಾಗದಲ್ಲಿ. ಬಾಗಿಲ ಹಿಂಜ್ ಬೋಲ್ಟುಗಳ ಬಣ್ಣ ಮುರಿದಿಲ್ಲ. ಸ್ಪಾಟ್ ವೆಲ್ಡ್ ಎರಡೂ ಕಡೆ ಒಂದೇ ಥರ. ಮುಂದಿನ ಗಾಜು ಉಳಿದ ಗಾಜುಗಳಿಗಿಂತ ಈಚಿನ ತಾರೀಖಿನದ್ದು. ಬಾಗಿಲಿಗೆ ಗೀಚಿತ್ತು, ಗಾಜಿಗೆ ಕಲ್ಲು ಬಿದ್ದಿತ್ತು ಅನ್ನುತ್ತಾರೆ. ವಾರಂಟಿ ಸಕ್ರಿಯವಾಗಿದೆ, ಎರಡನೇ ಮಾಲೀಕರಿಗೆ ಪೂರ್ತಿ ಸಿಗುತ್ತೆ ಅಂತ ಸರ್ವಿಸ್ ಸೆಂಟರ್ ಬರೆದು ಕೊಟ್ಟಿದೆ. ಲಿಫ್ಟಿಗೆ ಹೊರಗೆ ಕೊಡಲು ಡೀಲರ್ ಹಿಂದೇಟು ಹಾಕುತ್ತಿದ್ದಾರೆ, "ಮೊದಲು ಅಡ್ವಾನ್ಸ್ ಕೊಡಿ" ಅಂತ. ಏನು ಮಾಡಲಿ?

ಟಿಂಕರ್_ಶೆಡ್

ಬಾಗಿಲಿನ ರೀಡಿಂಗ್ ಒಂದೇ ಸಮ ಇದೆ, 250 ದಾಟಿಲ್ಲ, ಹಿಂಜ್ ಮುಟ್ಟಿಲ್ಲ: ಗೀಚು ಮುಚ್ಚಲು ಇಡೀ ಬಾಗಿಲಿಗೆ ಒಂದು ಸಲ ಬಣ್ಣ ಹೊಡೆದಿದ್ದಾರೆ, ಪುಟ್ಟಿ ಇಲ್ಲ. ಅವರು ಹೇಳಿದ್ದಕ್ಕೆ ಹೊಂದುತ್ತೆ. ಒಂದು ಖಾತ್ರಿ ಮಾಡಿಕೊಳ್ಳಿ: ಆ ಬಾಗಿಲು ತೆಗೆದು ಮಧ್ಯದ ಪಿಲ್ಲರಿನ ಒಳಮುಖ, ಹಿಂಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲ್‌ನ ಬಾಗಿಲ ಕಡೆಯ ಅಂಚು ಅಳೆಯಿರಿ. ಪಕ್ಕದಿಂದ ಜೋರಾಗಿ ಗುದ್ದಿದ್ದರೆ ಅಲ್ಲೂ ಬಣ್ಣ ಹೊಡೆದಿರುವ ಸಾಧ್ಯತೆ ಹೆಚ್ಚು. ಈ ಜಾಗಗಳಲ್ಲಿ ಕಾರ್ಖಾನೆ ಬಣ್ಣವೇ ಹೊರಗಿಗಿಂತ ತೆಳು ಇರುತ್ತೆ, 70-90 ಬಂದರೆ ಗಾಬರಿ ಬೇಡ.

ಗಾಜಿನ ಬಿಲ್ಲು, ಕ್ಯಾಮೆರಾ ಕ್ಯಾಲಿಬ್ರೇಷನ್ ರಿಪೋರ್ಟ್ ಎರಡೂ ಕೇಳಿ. ರಿಪೋರ್ಟ್ ಇಲ್ಲ ಅಂದರೆ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿ ಕೊಡಲಿ, ಖರ್ಚು ಅವರದ್ದು. ಲಿಫ್ಟಿಗೆ ಕೊಡದಿದ್ದರೆ ಬೇರೆ ಗಾಡಿ ನೋಡಿ, ಇದರಲ್ಲಿ ನನಗೆ ಎರಡು ಮಾತಿಲ್ಲ.

ವಾರಂಟಿ_ಪುಟ

ಲಿಫ್ಟ್ ವಿಷಯದಲ್ಲಿ ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಗಾಡಿ ಹೊರಗೆ ಕಳಿಸಲು ಡೀಲರಿಗೆ ಇನ್ಶೂರೆನ್ಸ್ ಭಯ ಇರುತ್ತೆ, ಅದು ಮುಚ್ಚಿಡುವುದಕ್ಕೇ ಅಂತ ಹೇಳಲಾಗದು. ಅವರ ಸಿಬ್ಬಂದಿಯೇ ಗಾಡಿ ಓಡಿಸಿಕೊಂಡು ಬರಲಿ, ನೀವು ಆರಿಸಿದ ವರ್ಕ್‌ಶಾಪಿಗೆ. ಅಥವಾ ಅವರದೇ ಲಿಫ್ಟಿನಲ್ಲಿ ನಿಮ್ಮ ಮೆಕ್ಯಾನಿಕ್ ನೋಡಲಿ. ಎರಡಕ್ಕೂ ಒಲ್ಲೆ ಅಂದರೆ ಮಾತ್ರ ಎದ್ದು ಬನ್ನಿ.

ಅಡ್ವಾನ್ಸ್ ಕೊಡಬಹುದು, ರಸೀದಿಯಲ್ಲಿ ಹೀಗೆ ಬರೆಸಿ: "ಖರೀದಿದಾರರು ಆರಿಸಿದ ಮೆಕ್ಯಾನಿಕ್‌ನ ತಪಾಸಣೆಗೆ ಒಳಪಟ್ಟು. ರಚನಾತ್ಮಕ ರಿಪೇರಿ, ನೀರಿನ ಹಾನಿ, ಕಿ.ಮೀ. ಮೀಟರ್ ವ್ಯತ್ಯಾಸ ಅಥವಾ ಗಾಡಿಯ ಮೇಲೆ ಬಾಕಿ ಸಾಲ ಕಂಡುಬಂದರೆ ಪೂರ್ತಿ ಹಣ ವಾಪಸ್." ಚಾಸಿ ನಂಬರ್, ಇವತ್ತಿನ ಕಿ.ಮೀ., ತಾರೀಖು ಅದರಲ್ಲೇ ಇರಲಿ. ಅಡ್ವಾನ್ಸ್ ಸಣ್ಣದಿರಲಿ. ಮಾರಾಟ ಪತ್ರದಲ್ಲಿ "ಇದ್ದ ಸ್ಥಿತಿಯಲ್ಲೇ" ಅನ್ನುವ ಸಾಲಿದ್ದರೆ ಅದರ ಪಕ್ಕದಲ್ಲೇ ಬಾಗಿಲ ಮರುಬಣ್ಣ, ಗಾಜಿನ ಬದಲಾವಣೆ ಬಿಟ್ಟು ಬೇರೆ ರಿಪೇರಿ ಆಗಿಲ್ಲ ಅನ್ನುವ ಹೇಳಿಕೆಗೆ ಸಹಿ ತಗೊಳ್ಳಿ.

ಬೆಲೆಗೆ: ಮರುಬಣ್ಣ ಬಿದ್ದ ಬಾಗಿಲನ್ನು ಮುಂದೆ ನಿಮ್ಮಿಂದ ಕೊಳ್ಳುವವರೂ ಇದೇ ಮೀಟರಿನಲ್ಲಿ ಅಳೆಯುತ್ತಾರೆ, ಹಾಗಾಗಿ ಅದನ್ನು ತೋರಿಸಿ ಕಡಿಮೆ ಕೇಳುವುದು ನ್ಯಾಯವೇ.

ಸ್ಕ್ಯಾನ್_ಮಾಡಿ_ನೋಡಿ

ಲಿಫ್ಟಿಗೆ ಹೋದಾಗ ಅಲ್ಲೇ ನಾಲ್ಕು ಚಕ್ರದ ಅಲೈನ್‌ಮೆಂಟ್ ಪ್ರಿಂಟ್ ತೆಗೆಸಿ. ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೆ-ಹೊರಗೆ ತಿರುಗಿರುವ ಕೋನ) ಸ್ವಲ್ಪ ಆಚೀಚೆ ಇರೋದು ಗುಂಡಿಗೆ ಬಿದ್ದರೂ ಆಗುತ್ತೆ, ಸರಿ ಮಾಡಬಹುದು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಎಡಕ್ಕೂ ಬಲಕ್ಕೂ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಅದೂ ಕ್ಯಾಂಬರ್ ಹೊಂದಿಸಲು ಅವಕಾಶವೇ ಇಲ್ಲದ ಸಸ್ಪೆನ್ಷನ್ನಿನಲ್ಲಿ, ಏನೋ ಬಾಗಿದೆ: ಸ್ಟ್ರಟ್ (ಸ್ಪ್ರಿಂಗ್-ಶಾಕ್ ಅಬ್ಸಾರ್ಬರ್ ಜೋಡಿ), ನಕಲ್ (ಚಕ್ರದ ಹಬ್ ಹಿಡಿದಿರುವ ಭಾಗ), ಇಲ್ಲವೇ ಸಬ್‌ಫ್ರೇಮ್ (ಸಸ್ಪೆನ್ಷನ್ ಕೂರುವ ಚೌಕಟ್ಟು) ಸರಿದಿದೆ. ಬಲ ಹಿಂಬಾಗಿಲಿಗೆ ಏಟು ಬಿದ್ದಿದ್ದರೆ ಬಲ ಹಿಂಚಕ್ರದ ಅಂಕಿಯಲ್ಲೂ ಗೊತ್ತಾಗಬಹುದು.

ಎರಡೂ ಕೀ ತಗೊಳ್ಳಿ. ಎರಡರಲ್ಲೂ ಸ್ಟಾರ್ಟ್ ಮಾಡಿ ನೋಡಿ, ಎಷ್ಟು ಕೀ ನೋಂದಾಯಿಸಿದೆ ಅಂತ ಸ್ಕ್ಯಾನರಿನಲ್ಲಿ ಓದಿಸಿ. ಮೂರು ಅಂತ ಬಂದರೆ ಮೂರನೆಯದನ್ನು ಅಳಿಸಿಸಿ. ಗಾಡಿಗೆ ಮೊಬೈಲ್ ಆ್ಯಪ್ ಇದ್ದರೆ ಹಳೇ ಮಾಲೀಕರ ಖಾತೆಯಿಂದ ಗಾಡಿ ತೆಗೆದ ಮೇಲೆಯೇ ಉಳಿದ ಹಣ ಕೊಡಿ, ಇಲ್ಲದಿದ್ದರೆ ಅವರ ಫೋನಿನಲ್ಲಿ ನಿಮ್ಮ ಗಾಡಿ ಎಲ್ಲಿದೆ ಅಂತ ಕಾಣುತ್ತಲೇ ಇರುತ್ತೆ, ಬಾಗಿಲ ಲಾಕ್ ಕೂಡ ತೆಗೆಯಬಹುದು.